ಆಸ್ಬಾರ್ನ್ ಹೌಸ್ ಮತ್ತು ಅದರ ತೋಟ: ನೋಡಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ದಕ್ಷಿಣ ಕರಾವಳಿಗೆ ಎದುರಾಗಿರುವ ಐಲ್ ಆಫ್ ವೈಟ್ ದ್ವೀಪದಲ್ಲಿ ವಿಕ್ಟೋರಿಯಾ ರಾಣಿ ಬಾಳಿ, ಅಲ್ಲಿಯೇ ಕಣ್ಣುಮುಚ್ಚಿದ ಮನೆ ಆಸ್ಬಾರ್ನ್ ಹೌಸ್. ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರು, ಊರಿನಿಂದ ಬಂದ ಅಪ್ಪ ಅಮ್ಮನನ್ನು ಎಲ್ಲಿಗಾದರೂ ಕರೆದೊಯ್ಯಬೇಕೆನ್ನುವವರು, ಬೇಸಿಗೆ ರಜೆಗೆ ಬಂದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಕೊಡಗಿನ ಕಥೆಯೊಂದು ಈ ಮನೆಯೊಳಗಿದೆ. ಅದನ್ನು ಹುಡುಕಿ ನೋಡದೆ ಬರಬೇಡಿ.

ಇದು ಅರಮನೆಯೋ, ಮನೆಯೋ?

ಮನೆ. ವಿಕ್ಟೋರಿಯಾ ಮತ್ತು ಅವಳ ಗಂಡ ಆಲ್ಬರ್ಟ್ 1845ರಲ್ಲಿ ಈ ಜಾಗವನ್ನು ಸ್ವಂತ ಹಣದಿಂದ ಕೊಂಡರು. ಸರ್ಕಾರದ ಅರಮನೆಗಳಲ್ಲಿ ಒಂದು ಗೋಡೆ ಬದಲಿಸಬೇಕೆಂದರೂ ಇಲಾಖೆಯವರ ಮರ್ಜಿ ಕಾಯಬೇಕಿತ್ತು. ಇಲ್ಲಿ ಆ ತೊಡಕಿರಲಿಲ್ಲ. ಹೆಂಡತಿ, ಮಕ್ಕಳು, ಸಮುದ್ರದ ಗಾಳಿ ಇರುವ ಮನೆ ಎಂಬ ಯೋಚನೆ ಆಲ್ಬರ್ಟನದು. ಅದನ್ನು ಕಟ್ಟಿಕೊಟ್ಟವನು ಲಂಡನ್ನಿನ ಕಟ್ಟಡ ಗುತ್ತಿಗೆದಾರ ಥಾಮಸ್ ಕ್ಯೂಬಿಟ್. ಮೊದಲು ಎದ್ದದ್ದು ಸಂಸಾರ ವಾಸಿಸುವ ಪೆವಿಲಿಯನ್ ಭಾಗ, 1846ರಲ್ಲಿ. ಉಳಿದದ್ದು 1851ರ ಹೊತ್ತಿಗೆ ಮುಗಿಯಿತು. ದರ್ಬಾರ್ ಭಾಗವನ್ನು ಮಾತ್ರ ಬಹಳ ತಡವಾಗಿ, 1890ರ ಸುಮಾರಿಗೆ ಸೇರಿಸಿದರು.

ರಾಣಿ ಇಲ್ಲಿ ತೀರಿಕೊಂಡದ್ದು 1901ರ ಜನವರಿ 22ರಂದು. ಮಗ ಏಳನೆಯ ಎಡ್ವರ್ಡ್‌ಗೆ ಈ ಮನೆಯ ಮೇಲೆ ಮನಸ್ಸಿರಲಿಲ್ಲ. 1902ರಲ್ಲಿ ದೇಶಕ್ಕೆ ಒಪ್ಪಿಸಿಬಿಟ್ಟ. ಆಮೇಲೆ ಒಂದು ಭಾಗ ಸೇನಾಧಿಕಾರಿಗಳ ಆರೈಕೆ ಮನೆಯಾಯಿತು, ಆವರಣದಲ್ಲಿ 1903ರಿಂದ 1921ರವರೆಗೆ ನೌಕಾ ಶಾಲೆ ನಡೆಯಿತು. ಮಹಡಿಯ ಖಾಸಗಿ ಕೋಣೆಗಳಿಗೆ ಬೀಗ ಬಿದ್ದಿತ್ತು. ಜನರಿಗೆ ಅವು ತೆರೆದದ್ದು 1954ರಲ್ಲಿ. ಕೋಣೆಗಳು ಇಂದಿಗೂ ಇಷ್ಟು ಅಚ್ಚುಕಟ್ಟಾಗಿ ಉಳಿದಿರಲು ಆ ಬೀಗವೇ ಮುಖ್ಯ ಕಾರಣ. ಈಗ ನೋಡಿಕೊಳ್ಳುವುದು ಇಂಗ್ಲಿಷ್ ಹೆರಿಟೇಜ್ ಸಂಸ್ಥೆ.

ಲಂಡನ್‌ನಿಂದ ಒಂದೇ ದಿನದಲ್ಲಿ ಹೋಗಿ ಬರಬಹುದೇ?

ಬರಬಹುದು, ಆದರೆ ಬೆಳಿಗ್ಗೆ ಬೇಗ ಹೊರಡಬೇಕು. ಎರಡು ದಾರಿ ಅನುಕೂಲ.

ಮೊದಲನೆಯದು ಸೌತಾಂಪ್ಟನ್ ಮೂಲಕ. ವಾಟರ್ಲೂ ನಿಲ್ದಾಣದಿಂದ ಸೌತಾಂಪ್ಟನ್ ಸೆಂಟ್ರಲ್‌ಗೆ ವೇಗದ ರೈಲಿನಲ್ಲಿ ಸುಮಾರು 1 ಗಂಟೆ 20 ನಿಮಿಷ. ನಿಲ್ದಾಣದಿಂದ ದೋಣಿಕಟ್ಟೆಗೆ ಬಸ್ಸಿದೆ, ನಡೆದರೂ 20 ನಿಮಿಷ ಸಾಕು. ಅಲ್ಲಿಂದ ರೆಡ್ ಫನಲ್ ಕಂಪನಿಯ ಕಾರು ಸಾಗಿಸುವ ದೊಡ್ಡ ಫೆರಿ ಸುಮಾರು ಒಂದು ಗಂಟೆಯಲ್ಲಿ ಈಸ್ಟ್ ಕೌಸ್‌ಗೆ ಮುಟ್ಟಿಸುತ್ತದೆ. ಕಾರಿಲ್ಲದವರೂ ಹತ್ತಬಹುದು. ಇಳಿದ ಕಡೆಯಿಂದ ಮನೆಗೆ ಎರಡೂವರೆ ಕಿಲೋಮೀಟರ್‌ಗಿಂತ ಸ್ವಲ್ಪ ಕಡಿಮೆ, ಆದರೆ ಏರುದಾರಿ.

ಎರಡನೆಯದು ಪೋರ್ಟ್ಸ್‌ಮತ್ ಮೂಲಕ. ಪೋರ್ಟ್ಸ್‌ಮತ್ ಹಾರ್ಬರ್ ನಿಲ್ದಾಣದ ಪಕ್ಕದಲ್ಲಿಯೇ ದೋಣಿ. ಇಪ್ಪತ್ತೆರಡು ನಿಮಿಷಕ್ಕೆ ರೈಡ್ ಊರಿನ ಕಟ್ಟೆ. ಅಲ್ಲಿಂದ ಸದರ್ನ್ ವೆಕ್ಟಿಸ್‌ನ 4ನೇ ನಂಬರ್ ಬಸ್ಸು ಆಸ್ಬಾರ್ನ್ ಗೇಟಿನ ಮುಂದೆಯೇ ಹೋಗುತ್ತದೆ. ಸಾಮಾನು, ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಇದೇ ವಾಸಿ, ಏಕೆಂದರೆ ನಡಿಗೆ ಬಹಳ ಕಡಿಮೆ. ದ್ವೀಪದ ನಡುವಿನ ನ್ಯೂಪೋರ್ಟ್‌ನಲ್ಲಿ ಉಳಿದುಕೊಂಡವರಿಗೆ 5ನೇ ನಂಬರ್ ಬಸ್ಸು.

ಸ್ವಂತ ಕಾರಿದ್ದರೆ ಫೆರಿ ಟಿಕೆಟ್ಟೇ ಇಡೀ ಪ್ರವಾಸದ ದೊಡ್ಡ ಖರ್ಚಾಗಬಹುದು. ದರ ದಿನಕ್ಕೊಂದು, ಹೊತ್ತಿಗೊಂದು. ವಾರದ ನಡುವಿನ ದಿನ ಆರಿಸಿ, ಮುಂಚಿತವಾಗಿ ಕೊಳ್ಳಿ.

ವೇಗದ ದೋಣಿ ಹಿಡಿದರೆ ಇನ್ನೂ ಬೇಗ ಮುಟ್ಟಬಹುದಲ್ಲ?

ಹೆಚ್ಚು ಜನ ಎಡವುವುದೇ ಇಲ್ಲಿ. ಸೌತಾಂಪ್ಟನ್‌ನಿಂದ ಹೊರಡುವ ರೆಡ್ ಜೆಟ್ ಅರ್ಧ ಗಂಟೆಯೊಳಗೆ ದ್ವೀಪ ಮುಟ್ಟುತ್ತದೆ ನಿಜ, ಆದರೆ ಅದು ಇಳಿಸುವುದು ವೆಸ್ಟ್ ಕೌಸ್‌ನಲ್ಲಿ. ಆಸ್ಬಾರ್ನ್ ಇರುವುದು ಈಸ್ಟ್ ಕೌಸ್ ಕಡೆ. ಎರಡರ ನಡುವೆ ಮೆಡಿನಾ ನದಿ, ಅಲ್ಲಿ ಸೇತುವೆ ಇಲ್ಲ. ದಾಟಿಸುವುದು ಸರಪಳಿ ಹಿಡಿದು ಸಾಗುವ ‘ಫ್ಲೋಟಿಂಗ್ ಬ್ರಿಜ್’ ಎಂಬ ತೆಪ್ಪ. ದುರಸ್ತಿಗೆಂದು ಅದು ನಿಂತರೆ ಬದಲಿ ದೋಣಿ ಸಿಗಬೇಕು, ಇಲ್ಲವೇ ನ್ಯೂಪೋರ್ಟ್ ಸುತ್ತಿ ಬರಬೇಕು. ಹೊರಡುವ ಬೆಳಿಗ್ಗೆ ತೆಪ್ಪ ನಡೆಯುತ್ತಿದೆಯೇ ಎಂದು ನೋಡಿಕೊಂಡರೆ ಮಾತ್ರ ಈ ದಾರಿ ಹಿಡಿಯಿರಿ.

ಇನ್ನೊಂದು ಎಚ್ಚರಿಕೆ. ಆಗಸ್ಟ್ ಮೊದಲ ವಾರದ ಆಸುಪಾಸು ‘ಕೌಸ್ ವೀಕ್’ ಹಾಯಿದೋಣಿ ಪಂದ್ಯ, ಜೂನ್‌ನಲ್ಲಿ ದ್ವೀಪದ ಸಂಗೀತೋತ್ಸವ. ಆ ದಿನಗಳಲ್ಲಿ ಫೆರಿಯೂ ವಸತಿಯೂ ತುಂಬಿರುತ್ತವೆ.

ಟಿಕೆಟ್ ಮೊದಲೇ ಕೊಳ್ಳಬೇಕೇ?

ಗೇಟಿನಲ್ಲಿಯೂ ಸಿಗುತ್ತದೆ, ಆದರೆ ಇಂಗ್ಲಿಷ್ ಹೆರಿಟೇಜ್ ಜಾಲತಾಣದಲ್ಲಿ ಮುಂಚಿತವಾಗಿ ಕೊಂಡರೆ ದರ ಕಡಿಮೆ. ಮನೆ, ತೋಟ, ರಾಜಮಕ್ಕಳಿಗೆಂದು ಕಟ್ಟಿದ ಸ್ವಿಸ್ ಕಾಟೇಜ್ ಎಂಬ ಮರದ ಮನೆ, ಬೀಚ್ ಎಲ್ಲಕ್ಕೂ ಒಂದೇ ಟಿಕೆಟ್. ಸಂಸ್ಥೆಯ ಸದಸ್ಯರಿಗೆ ಉಚಿತ.

ಭಾರತದಿಂದ ಬಂದವರು ಸ್ಟೋನ್‌ಹೆಂಜ್, ಡೋವರ್ ಕೋಟೆಯಂಥ ಜಾಗಗಳಿಗೂ ಹೋಗುವವರಿದ್ದರೆ ಇದೇ ಸಂಸ್ಥೆ ವಿದೇಶಿ ಪ್ರವಾಸಿಗರಿಗೆಂದು ಕೊಡುವ 9 ಅಥವಾ 16 ದಿನಗಳ ಪಾಸ್‌ನ ದರವನ್ನು ಹೋಲಿಸಿ ನೋಡಿ. ಮೂರು ದೊಡ್ಡ ಜಾಗ ನೋಡುವುದಾದರೆ ಸಾಮಾನ್ಯವಾಗಿ ಲಾಭ. ಇಂಗ್ಲೆಂಡಿನಲ್ಲಿ ನೆಲೆಸಿದ ಮಗ, ಸೊಸೆಗೆ ಆ ಪಾಸ್ ಸಲ್ಲದು. ಅವರಿಗೆ ವಾರ್ಷಿಕ ಸದಸ್ಯತ್ವ ಒಳ್ಳೆಯದು. ಹಳೆಯ ಮನೆ, ತೋಟಗಳನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಬೇರೆಯೇ ಸಂಸ್ಥೆ. ಅದರ ಕಾರ್ಡ್ ತೋರಿಸಿದರೆ ಇಲ್ಲಿ ಒಳಗೆ ಬಿಡುವುದಿಲ್ಲ, ಇದು ದಿನವೂ ಆಗುವ ಗೊಂದಲ.

ಯಾವ ತಿಂಗಳಲ್ಲಿ ಹೋಗುವುದು ಚೆಂದ?

ತೋಟಕ್ಕಾಗಿಯೇ ಹೋಗುವವರು ಎರಡು ಅವಧಿ ಗುರುತಿಟ್ಟುಕೊಳ್ಳಿ: ಏಪ್ರಿಲ್ ಕೊನೆಯಿಂದ ಮೇ ಮಧ್ಯದವರೆಗೆ ಟ್ಯುಲಿಪ್ ಹೂವಿನ ಕಾಲ, ಜುಲೈಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಬೇಸಿಗೆ ಹೂವಿನ ಕಾಲ. ನಡುವೆ ಹೂಮಡಿ ಬದಲಿಸುವ ಎರಡು ಮೂರು ವಾರ ತಪ್ಪಿಸಿದರೆ ವಾಸಿ. ವಿಕ್ಟೋರಿಯಾ ಕಾಲದ ಪದ್ಧತಿಯಂತೆ ಇಲ್ಲಿ ಹೂಮಡಿಗಳನ್ನು ವರ್ಷಕ್ಕೆರಡು ಬಾರಿ ಪೂರ್ತಿ ಕಿತ್ತು ಹೊಸದಾಗಿ ನೆಡುತ್ತಾರೆ. ಮೇ ಕೊನೆ, ಜೂನ್ ಮೊದಲಲ್ಲಿ ವಸಂತದ ಗಿಡ ತೆಗೆದು ಬೇಸಿಗೆಯದನ್ನು ಹಾಕುತ್ತಾರೆ, ಶರತ್ಕಾಲದಲ್ಲಿ ಮತ್ತೆ ಅದನ್ನು ತೆಗೆದು ಗೆಡ್ಡೆ ಹೂತಿಡುತ್ತಾರೆ. ಆ ದಿನಗಳಲ್ಲಿ ಹೋದವರಿಗೆ ಕಾಣುವುದು ಉತ್ತ ಹೊಲದಂಥ ಬರಿ ಮಣ್ಣು. ಹಿಮ ಬೀಳುವ ಭಯ ಪೂರ್ತಿ ಹೋಗದೆ ಬೇಸಿಗೆ ಗಿಡಗಳನ್ನು ಹೊರಗಿಡಲಾಗದು, ಹಾಗಾಗಿ ತೋಟದವರು ಇದಕ್ಕಿಂತ ಬೇಗ ನೆಡುವಂತಿಲ್ಲ.

ನವೆಂಬರ್‌ನಿಂದ ಮಾರ್ಚ್‌ವರೆಗೆ ಮನೆ ಬಹುಪಾಲು ವಾರಾಂತ್ಯಗಳಲ್ಲಿ ಮತ್ತು ಶಾಲಾ ರಜೆಗಳಲ್ಲಿ ಮಾತ್ರ ತೆರೆದಿರುತ್ತದೆ. ದಿನಾಂಕ ನೋಡದೆ ಫೆರಿ ಟಿಕೆಟ್ ಕೊಳ್ಳಬೇಡಿ. ಡಿಸೆಂಬರ್‌ನಲ್ಲಿ ಮಧ್ಯಾಹ್ನ ನಾಲ್ಕಕ್ಕೆಲ್ಲ ಸೂರ್ಯ ಮುಳುಗುವುದರಿಂದ ತೋಟಕ್ಕೆ ಹೊತ್ತೇ ಸಾಲದು.

ಎಷ್ಟು ಗಂಟೆ ಬೇಕು? ಯಾವುದನ್ನು ಮೊದಲು ನೋಡಬೇಕು?

ಕಡಿಮೆಯೆಂದರೂ ಐದು ಗಂಟೆ. ಆವರಣವೇ ಸುಮಾರು 350 ಎಕರೆ. ಬಂದವರೆಲ್ಲ ಮೊದಲು ಮನೆಯೊಳಗೆ ನುಗ್ಗುತ್ತಾರೆ, ಎರಡು ಗಂಟೆ ಸಾಲಿನಲ್ಲಿ ಸಾಗಿ ಸುಸ್ತಾಗಿ, ಸ್ವಿಸ್ ಕಾಟೇಜ್ ದೂರ ಎಂದು ಕೈಬಿಟ್ಟು ಮರಳುತ್ತಾರೆ. ಇದು ದೊಡ್ಡ ನಷ್ಟ. ನಮ್ಮ ಸಲಹೆ ತಿರುಗುಮುರುಗು: ಗೇಟು ತೆರೆದ ಕೂಡಲೇ ನೇರವಾಗಿ ಸ್ವಿಸ್ ಕಾಟೇಜ್‌ಗೆ ನಡೆಯಿರಿ. ಮನೆಯಿಂದ ಸುಮಾರು 1.2 ಕಿಲೋಮೀಟರ್, ಆರಾಮದ ನಡಿಗೆಗೆ 20 ನಿಮಿಷ. ಅಲ್ಲಿಂದ ಬೀಚ್‌ಗೆ ಇಳಿದು, ಊಟ ಮುಗಿಸಿ, ಟೆರೇಸ್ ತೋಟ ನೋಡಿಕೊಂಡು ಮಧ್ಯಾಹ್ನ ಎರಡರ ನಂತರ ಮನೆ ಹೊಕ್ಕರೆ ಬೆಳಗಿನ ನೂಕುನುಗ್ಗಲು ಕರಗಿರುತ್ತದೆ. ಮನೆಗೆ ಕೊನೆಯ ಪ್ರವೇಶ ಎಷ್ಟಕ್ಕೆ ಎಂಬುದನ್ನು ಮಾತ್ರ ಗೇಟಿನಲ್ಲಿಯೇ ಕೇಳಿಟ್ಟುಕೊಳ್ಳಿ; ಮುಚ್ಚುವ ಹೊತ್ತಿಗಿಂತ ಅದು ಮುಂಚೆ.

ಮಳೆಯ ದಿನವಾದರೆ ಈ ಕ್ರಮ ಮುರಿಯಿರಿ. ಮಳೆ ಸುರಿಯುವಾಗ ಮನೆ, ನಿಂತಾಗ ತೋಟ. ದ್ವೀಪಕ್ಕೂ ಇಂಗ್ಲೆಂಡಿನ ದಡಕ್ಕೂ ನಡುವಿನ ಸೊಲೆಂಟ್ ಜಲಸಂಧಿಯ ಗಾಳಿಗೆ ಕೊಡೆ ತಿರುಚಿಕೊಳ್ಳುತ್ತದೆ, ತಲೆಮುಸುಕಿರುವ ಜಾಕೆಟ್ಟೇ ಸರಿ.

ಚಪ್ಪಲಿ ಬಿಟ್ಟು ಒಳಗೆ ಹೋಗಬೇಕೇ?

ಬೇಡ. ಆದರೆ ಬಾಗಿಲ ಬಳಿಯ ಮ್ಯಾಟ್ ಮೇಲೆ ಪಾದರಕ್ಷೆಯನ್ನು ಚೆನ್ನಾಗಿ ಒರೆಸಿ. ಅಡಿಗೆ ಅಂಟಿದ ಜಲ್ಲಿಯ ಚೂರು ನೆಲಕ್ಕೂ ರತ್ನಗಂಬಳಿಗೂ ಉಪ್ಪುಕಾಗದದಂತೆ ಕೆಲಸ ಮಾಡುತ್ತದೆ. ಚೂಪು ಹಿಮ್ಮಡಿಯ ಶೂ ಬೇಡವೇ ಬೇಡ: ಇಡೀ ದೇಹದ ಭಾರ ಬೆರಳುಗುರಿನಷ್ಟು ಜಾಗದ ಮೇಲೆ ಬಿದ್ದು ಹಳೆಯ ಮರದ ನೆಲದಲ್ಲಿ ಗುಳಿ ಬೀಳುತ್ತದೆ. ಸೀರೆಯುಟ್ಟು ಬರುವವರು ನೆರಿಗೆಯನ್ನು ಒಂದಿಂಚು ಮೇಲೆ ಉಟ್ಟುಕೊಂಡರೆ ತೋಟದ ಮೆಟ್ಟಿಲು, ಜಲ್ಲಿ ದಾರಿ ಎರಡೂ ಸಲೀಸು.

ಬೆನ್ನಿನ ಚೀಲವನ್ನು ಎದೆಗೆ ಹಾಕಿಕೊಳ್ಳಿ, ಇಲ್ಲವೇ ಕೈಯಲ್ಲಿ ಹಿಡಿಯಿರಿ. ಬೆನ್ನಿನ ಹಿಂದೆ ಏನಿದೆ ಎಂದು ಕಾಣದೆ ತಿರುಗಿದಾಗಲೇ ಅನಾಹುತ ಆಗುವುದು. ಒಳಗೆ ತಿನಿಸು, ನೀರು ತೆರೆಯಬೇಡಿ. ಬಿದ್ದ ತುಣುಕು ಹುಳುವನ್ನು ಕರೆಯುತ್ತದೆ, ಆ ಹುಳುವಿನ ಮರಿ ಉಣ್ಣೆ, ರೇಷ್ಮೆಗೂ ಬಾಯಿ ಹಾಕುತ್ತದೆ.

ಕೋಣೆಗಳು ಯಾಕೆ ಇಷ್ಟು ಮಬ್ಬು? ಫೋಟೋ ತೆಗೆಯಬಹುದೇ?

ಬೆಳಕು ತಿಂದುಹಾಕಿದ ಬಣ್ಣ ಮತ್ತೆ ಬರುವುದಿಲ್ಲ. ರೇಷ್ಮೆ, ಉಣ್ಣೆ, ಜಲವರ್ಣ ಚಿತ್ರಗಳಿಗೆ ಸಂರಕ್ಷಣಾ ತಜ್ಞರು ಒಪ್ಪುವ ಬೆಳಕು ಸುಮಾರು 50 ಲಕ್ಸ್ (ಬೆಳಕಿನ ಅಳತೆ), ತೈಲಚಿತ್ರಕ್ಕೆ 200 ಲಕ್ಸ್‌ನೊಳಗೆ. ಮೋಡ ಮುಸುಕಿದ ಹಗಲಿನಲ್ಲಿಯೂ ಹೊರಗಿನ ಬೆಳಕು ಸಾವಿರಾರು ಲಕ್ಸ್ ಇರುತ್ತದೆ. ಹಾನಿ ದಿನದಿನಕ್ಕೂ ಕೂಡುತ್ತಾ ಹೋಗುವುದರಿಂದ ಕಿಟಕಿಯ ಪರದೆ ಇಳಿಬಿಟ್ಟಿರುತ್ತಾರೆ. ಹೊರಗಿನಿಂದ ಬಂದ ಕಣ್ಣಿಗೆ ಹೊಂದಿಕೊಳ್ಳಲು ಐದಾರು ನಿಮಿಷ ಬೇಕು. ಮೊದಲ ಕೋಣೆಯಲ್ಲಿ ಅವಸರಪಡದೆ ನಿಲ್ಲಿ.

ಫ್ಲ್ಯಾಶ್, ಸೆಲ್ಫಿ ಕೋಲು, ಸ್ಟ್ಯಾಂಡ್ ಬೇಡ. ವಸ್ತುಗಳಲ್ಲಿ ಬಹಳಷ್ಟು ರಾಜಮನೆತನದ ಸಂಗ್ರಹಕ್ಕೆ ಸೇರಿದವು, ಆದ್ದರಿಂದ ಫೋಟೋ ನಿಯಮವನ್ನು ಆಯಾ ಕೋಣೆಯ ಸಿಬ್ಬಂದಿಯಿಂದ ಕೇಳಿ ತಿಳಿಯಿರಿ. ಚಿನ್ನದ ಲೇಪನದ ಚೌಕಟ್ಟು, ಅಮೃತಶಿಲೆ ಮುಟ್ಟಬೇಡಿ. ಬೆರಳಿನ ಬೆವರು, ಜಿಡ್ಡು ಎರಡಕ್ಕೂ ಶತ್ರು.

ಮನೆಯೊಳಗೆ ತಪ್ಪದೆ ನೋಡಬೇಕಾದದ್ದು ಏನು?

ಮೆಟ್ಟಿಲ ಮೇಲಿನ ಗೋಡೆಯಲ್ಲಿ ವಿಲಿಯಂ ಡೈಸ್ 1847ರಲ್ಲಿ ಬರೆದ ದೊಡ್ಡ ಭಿತ್ತಿಚಿತ್ರವಿದೆ: ಸಮುದ್ರದೇವ ನೆಪ್ಚೂನ್ ತನ್ನ ಅಧಿಕಾರವನ್ನು ಬ್ರಿಟನ್ನಿನ ಸಂಕೇತವಾದ ಬ್ರಿಟಾನಿಯಾ ದೇವಿಗೆ ಒಪ್ಪಿಸುವ ದೃಶ್ಯ. ಸಾಮ್ರಾಜ್ಯ ತನ್ನನ್ನು ತಾನು ಹೇಗೆ ಕಂಡುಕೊಂಡಿತ್ತು ಎಂಬುದು ಆ ಒಂದು ಗೋಡೆಯಲ್ಲಿದೆ.

ಕೆಳಗೆ ಡ್ರಾಯಿಂಗ್ ರೂಮ್ ಮತ್ತು ಬಿಲಿಯರ್ಡ್ಸ್ ಕೋಣೆ ಮೂಲೆ ತಿರುಗಿ ಒಂದಕ್ಕೊಂದು ಸೇರಿವೆ, ನಡುವೆ ಕಂಬಗಳು. ರಾಣಿಯ ಸಮ್ಮುಖದಲ್ಲಿ ಯಾರೂ ಕೂರುವಂತಿರಲಿಲ್ಲ. ಕರೆದರೆ ಕೇಳುವಷ್ಟು ಹತ್ತಿರ, ಆದರೆ ಕಣ್ಣಿಗೆ ಬೀಳದ ಈ ಮೂಲೆಯಲ್ಲಿ ಪರಿವಾರದ ಗಂಡಸರು ಕುಳಿತು ಕಾಲು ಚಾಚಬಹುದಿತ್ತು. ಅದೇ ಕಡೆಯ ಊಟದ ಕೋಣೆಯಲ್ಲಿ 1901ರಲ್ಲಿ ರಾಣಿಯ ಪಾರ್ಥಿವ ಶರೀರವನ್ನು ಇರಿಸಿದ್ದರು.

ಮಹಡಿಯಲ್ಲಿ ರಾಣಿಯ ಕೂರುವ ಕೋಣೆ: ಎರಡು ಮೇಜುಗಳು ಪಕ್ಕಪಕ್ಕ. ಒಂದರಲ್ಲಿ ಅವಳು, ಇನ್ನೊಂದರಲ್ಲಿ ಆಲ್ಬರ್ಟ್ ಕುಳಿತು ಕಾಗದಪತ್ರ ನೋಡುತ್ತಿದ್ದರು. ಆಲ್ಬರ್ಟ್ 1861ರ ಡಿಸೆಂಬರ್‌ನಲ್ಲಿ ತೀರಿಕೊಂಡ ಮೇಲೆ ಸುಮಾರು ನಲವತ್ತು ವರ್ಷ ಆ ಪಕ್ಕದ ಮೇಜು ಖಾಲಿ. ಮಲಗುವ ಕೋಣೆಯಲ್ಲಿ ಮಂಚದ ಅವನ ಪಕ್ಕಕ್ಕೆ ಅವನ ಚಿತ್ರ, ಗಡಿಯಾರ ಇಡುವ ಚೀಲ. ಅವಳು ಕಣ್ಣುಮುಚ್ಚಿದ್ದು ಇದೇ ಕೋಣೆಯಲ್ಲಿ. ಇಲ್ಲಿ ದನಿ ತಗ್ಗಿಸಿ, ಮಕ್ಕಳಿಗೂ ಮೊದಲೇ ಹೇಳಿ.

ಗೋಡೆ ಕಲ್ಲಿನದೇ?

ಅಲ್ಲ, ಇಟ್ಟಿಗೆ. ಮೇಲೆ ಸಿಮೆಂಟು ಗಾರೆ ಮಾಡಿ, ಬಾತ್ ಊರಿನ ಹಳದಿ ಕಲ್ಲಿನಂತೆ ಕಾಣಲು ಗೆರೆ ಕೊರೆದಿದ್ದಾರೆ. ತೋಟದ ಎಷ್ಟೋ ಹೂದಾನಿ, ಅಲಂಕಾರಗಳೂ ಅಚ್ಚಿನಲ್ಲಿ ಎರಕ ಹೊಯ್ದ ಸಿಮೆಂಟಿನವು. ಕಡಲಗಾಳಿಯ ಉಪ್ಪು, ಚಳಿಗಾಲದಲ್ಲಿ ಬಿರುಕಿನೊಳಗೆ ಹೆಪ್ಪುಗಟ್ಟುವ ನೀರು ಅವನ್ನು ಒಡೆಯುವುದರಿಂದ ದುರಸ್ತಿ ಮುಗಿಯುವುದೇ ಇಲ್ಲ. ನೀವು ಹೋದಾಗ ಒಂದು ಬದಿಗೆ ಸಾರುವೆ ಕಟ್ಟಿದ್ದರೆ ಬೇಸರಿಸಬೇಡಿ. ಮಹಡಿಗಳ ನಡುವೆ ಕಬ್ಬಿಣದ ತೊಲೆ, ಇಟ್ಟಿಗೆ ಕಮಾನು, ಶಬ್ದ ಕೆಳಗಿಳಿಯದಂತೆ ತುಂಬಿದ ಕಡಲ ಚಿಪ್ಪು. ಒಂಬತ್ತು ಮಕ್ಕಳ ಮನೆಯಲ್ಲಿ ಇದು ಬೇಕಾದದ್ದೇ.

ದರ್ಬಾರ್ ಕೋಣೆಯ ವಿಶೇಷವೇನು?

ಬಿಳಿ ಆನೆದಂತದಲ್ಲಿ ಕೆತ್ತಿದಂತೆ ಕಾಣುವ ಇಡೀ ಕೋಣೆ. ಅದು ದಂತವೂ ಅಲ್ಲ, ಅಮೃತಶಿಲೆಯೂ ಅಲ್ಲ, ಅಚ್ಚಿನಲ್ಲಿ ಹೊಯ್ದ ಪ್ಲಾಸ್ಟರ್ ಮತ್ತು ಕಾಗದದ ರೊಟ್ಟಿನಂಥ ವಸ್ತು. ಇದನ್ನು ರೂಪಿಸಿದವರು ಪಂಜಾಬಿನ ಭಾಯಿ ರಾಮ್ ಸಿಂಗ್, ಲಾಹೋರಿನ ಮೇಯೋ ಕಲಾಶಾಲೆಯವರು. ಆ ಶಾಲೆಯ ಪ್ರಾಂಶುಪಾಲ ಲಾಕ್‌ವುಡ್ ಕಿಪ್ಲಿಂಗ್ ಮೇಲ್ವಿಚಾರಣೆ ವಹಿಸಿದ್ದ. ಸಿಂಗ್ ಇಂಗ್ಲೆಂಡಿಗೇ ಬಂದು ವಿನ್ಯಾಸ ಮಾಡಿ ಅಚ್ಚು ತೆಗೆಸಿದರು. ಬೆಂಕಿಗೂಡಿನ ಮೇಲಿನ ಗರಿಗೆದರಿದ ನವಿಲಿನ ಮುಂದೆ ಎಲ್ಲರೂ ನಿಲ್ಲುತ್ತಾರೆ. ನೀವು ಚಾವಣಿಯನ್ನೂ ನೋಡಿ, ಚೌಕದೊಳಗೆ ಚೌಕವಾಗಿ ಇಳಿಯುವ ಜಾಲರಿಯ ಕೆಲಸವೇ ಹೆಚ್ಚು ಕಷ್ಟದ್ದು.

ಹೆಸರು ದರ್ಬಾರ್ ಆದರೂ ಇಲ್ಲಿ ಸಿಂಹಾಸನವಿಟ್ಟು ಒಡ್ಡೋಲಗ ನಡೆಸಿದ್ದಲ್ಲ. ಔತಣ, ಕ್ರಿಸ್‌ಮಸ್, ಮನೆಮಂದಿ ವೇಷ ಕಟ್ಟಿ ನಿಲ್ಲುವ ಆಟ ನಡೆಯುತ್ತಿದ್ದ ಕೋಣೆ ಇದು. ಗಾಜಿನ ಪೆಟ್ಟಿಗೆಗಳಲ್ಲಿರುವುದು 1887 ಮತ್ತು 1897ರ ಜ್ಯುಬಿಲಿಗಳಿಗೆ ಭಾರತದಿಂದ ಬಂದ ಕಾಣಿಕೆಗಳು, ಬಿನ್ನವತ್ತಳೆಯ ಕರಂಡಕಗಳು. ಆ ಬೆಳ್ಳಿ, ದಂತದ ಕೆಲಸದ ಹಿಂದೆ ಹೆಸರಿಲ್ಲದ ಎಷ್ಟೋ ಅಕ್ಕಸಾಲಿಗರು, ಕೆತ್ತನೆಗಾರರು ಇದ್ದಾರೆ. ಕೋಣೆ ದೊಡ್ಡದಾದ ಕಾರಣ ಜನ ಬೇಗ ಚದುರುತ್ತಾರೆ. ಇಪ್ಪತ್ತು ನಿಮಿಷ ಮೀಸಲಿಡಿ.

ಪಕ್ಕದ ಕಾರಿಡಾರ್‌ನಲ್ಲಿ ಆಸ್ಟ್ರಿಯಾದ ಚಿತ್ರಕಾರ ರುಡಾಲ್ಫ್ ಸ್ವೊಬೊಡಾ ಬರೆದ ಭಾರತೀಯರ ಮುಖಗಳಿವೆ. ರಾಜರದಲ್ಲ, ನೇಕಾರ, ಕುಂಬಾರ, ಸಿಪಾಯಿ, ಮಕ್ಕಳು. ರಾಣಿಗೆ ಹಿಂದೂಸ್ತಾನಿ ಕಲಿಸಿದ ಆಗ್ರಾದ ಅಬ್ದುಲ್ ಕರೀಮ್ ಚಿತ್ರವನ್ನೂ ಅವನೇ ಬರೆದ. ಸಾಮ್ರಾಜ್ಯದ ಭಿತ್ತಿಚಿತ್ರ ನೋಡಿ ಬಂದವರಿಗೆ ಈ ಪುಟ್ಟ ಮುಖಗಳು ಹೆಚ್ಚು ಹೊತ್ತು ನೆನಪಿರುತ್ತವೆ.

ಕೊಡಗಿನ ಕಥೆ ಎಂದಿರಲ್ಲ, ಅದೇನು?

ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಬ್ರಿಟಿಷರು 1834ರಲ್ಲಿ ಪಟ್ಟದಿಂದಿಳಿಸಿ, ಕಾಶಿಯಲ್ಲಿ ಇರಿಸಿದರು. ಅವನ ಮಗಳು ಗೌರಮ್ಮ ಹುಟ್ಟಿದ್ದು 1841ರಲ್ಲಿ, ಕೊಡಗಿನಿಂದ ಬಲುದೂರದ ಕಾಶಿಯಲ್ಲಿಯೇ. 1852ರಲ್ಲಿ ಅವನು ಹನ್ನೊಂದರ ಈ ಹುಡುಗಿಯನ್ನು ಕರೆದುಕೊಂಡು ಇಂಗ್ಲೆಂಡಿಗೆ ಬಂದ. ಅದೇ ವರ್ಷ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಅವಳಿಗೆ ಕ್ರೈಸ್ತ ದೀಕ್ಷೆಯಾಯಿತು. ಧರ್ಮಮಾತೆಯಾಗಿ ನಿಂತ ರಾಣಿ ತನ್ನ ಹೆಸರನ್ನೇ ಕೊಟ್ಟಳು. ಹೀಗೆ ವಿಕ್ಟೋರಿಯಾ ಗೌರಮ್ಮ.

ಆಸ್ಬಾರ್ನ್ ಸಂಗ್ರಹದಲ್ಲಿ ಅವಳ ಎರಡು ರೂಪಗಳಿವೆ. ಒಂದು ವಿಂಟರ್‌ಹಾಲ್ಟರ್ ಬರೆದ ತೈಲಚಿತ್ರ. ಇನ್ನೊಂದು ಕಾರ್ಲೊ ಮಾರೊಕೆಟ್ಟಿ ಕಡೆದ ಅಮೃತಶಿಲೆಯ ಎದೆಮಟ್ಟದ ಪ್ರತಿಮೆ. ಆ ಕಾಲದ ಬಿಳಿ ಪ್ರತಿಮೆಗಳ ನಡುವೆ ಇದಕ್ಕೆ ಬಣ್ಣ ಹಾಕಿರುವುದು ವಿಶೇಷ. ಪಂಜಾಬಿನ ಎಳೆಯ ಮಹಾರಾಜ ದುಲೀಪ್ ಸಿಂಗನಿಗೂ ಇಂಥದ್ದೇ ಪ್ರತಿಮೆ ಇದೆ. ಇಬ್ಬರನ್ನೂ ಮದುವೆ ಮಾಡಿಸುವ ಆಸೆ ರಾಣಿಗಿತ್ತು. ಅದು ಕೂಡಿಬರಲಿಲ್ಲ. ಗೌರಮ್ಮ 1860ರಲ್ಲಿ ಜಾನ್ ಕ್ಯಾಂಪ್‌ಬೆಲ್ ಎಂಬ ಸೇನಾಧಿಕಾರಿಯನ್ನು ಮದುವೆಯಾಗಿ, ಒಂದು ಹೆಣ್ಣುಮಗುವಿನ ತಾಯಿಯಾಗಿ, 1864ರಲ್ಲಿ ಇಪ್ಪತ್ತೆರಡರ ವಯಸ್ಸಿಗೆ ತೀರಿಕೊಂಡಳು.

ಚಿತ್ರ, ಪ್ರತಿಮೆಗಳ ಜಾಗ ಆಗಾಗ ಬದಲಾಗುತ್ತದೆ, ಬೇರೆ ಪ್ರದರ್ಶನಗಳಿಗೂ ಹೋಗಿ ಬರುತ್ತವೆ. ಒಳಗೆ ಹೋದೊಡನೆ ಸಿಬ್ಬಂದಿಯನ್ನು ‘ಪ್ರಿನ್ಸೆಸ್ ಗೌರಮ್ಮ ಆಫ್ ಕೂರ್ಗ್’ ಎಂದು ಕೇಳಿ. ಕೊಡಗು ಎಂದರೆ ಅವರಿಗೆ ತಿಳಿಯದು, ಕೂರ್ಗ್ ಎಂದೇ ಹೇಳಬೇಕು.

ಟೆರೇಸ್ ತೋಟ ಎಂದರೆ ಮಾಳಿಗೆಯ ಮೇಲಿನ ತೋಟವೇ?

ನಮ್ಮಲ್ಲಿ ಟೆರೇಸ್ ಎಂದರೆ ಮನೆಯ ಮಾಳಿಗೆ, ಹಾಗಾಗಿ ಈ ಗೊಂದಲ ಸಹಜ. ಇಲ್ಲಿ ಟೆರೇಸ್ ಎಂದರೆ ಮನೆಯಿಂದ ಸಮುದ್ರದ ಕಡೆಗೆ ಇಳಿಯುವ ಗುಡ್ಡವನ್ನು ಹಂತ ಹಂತವಾಗಿ ಸಮತಟ್ಟು ಮಾಡಿ ಕಟ್ಟಿದ ಅಂಗಳಗಳು. ಕೆಳಗಿನ ಸೊಲೆಂಟ್ ಕಂಡಾಗ ಆಲ್ಬರ್ಟನಿಗೆ ಇಟಲಿಯ ನೇಪಲ್ಸ್ ಕೊಲ್ಲಿ ನೆನಪಾಗುತ್ತಿತ್ತು. ಮನೆಯ ಎರಡು ಗೋಪುರಗಳಿಂದ ಹಿಡಿದು ಕಾರಂಜಿ, ಪ್ರತಿಮೆ, ಸುತ್ತಿದ ಹೂಮಡಿಗಳವರೆಗೆ ಎಲ್ಲವೂ ಇಟಲಿಯ ಮಾದರಿ. ಕಲಾ ಸಲಹೆಗಾರ ಲುಡ್ವಿಗ್ ಗ್ರೂನರ್ ನೆರವು ಅದಕ್ಕಿತ್ತು.

ಕೆಳಗಿನ ಅಂಗಳದ ಆಂಡ್ರೊಮಿಡಾ ಕಾರಂಜಿಯ ಕಂಚಿನ ಪ್ರತಿಮೆ ಜಾನ್ ಬೆಲ್‌ನದು, 1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾ ಪ್ರದರ್ಶನದಲ್ಲಿ ಕೊಂಡದ್ದು. ಹೂಮಡಿಯ ವಿನ್ಯಾಸ ಕೆಳಗೆ ನಿಂತರೆ ತಿಳಿಯುವುದಿಲ್ಲ. ಮೊದಲು ಮೇಲಿನ ಕಟಕಟೆಯ ಬಳಿ ನಿಂತು ನೋಡಿ, ಆಮೇಲೆ ಇಳಿಯಿರಿ. ಫೋಟೋಗೆ ಬೆಳಗಿನ ಹೊತ್ತು ಒಳ್ಳೆಯದು. ಸಂಜೆ ಮನೆಯ ನೆರಳು ತೋಟದ ಮೇಲೆ ಬೀಳುತ್ತದೆ.

ರಾಜಮನೆತನದ ಮದುವೆಗಳ ಹೂಗುಚ್ಛಕ್ಕೆ ಇಲ್ಲಿಂದ ಹೋಗುವ ಗಿಡ ಯಾವುದು?

ಮಿರ್ಟಲ್. ಆಲ್ಬರ್ಟನ ಅಜ್ಜಿ ಜರ್ಮನಿಯ ಗೋಥಾದಲ್ಲಿ ಕೊಟ್ಟ ಹೂಗುಚ್ಛದ ಒಂದು ಚಿಗುರನ್ನು 1845ರಲ್ಲಿ ಇಲ್ಲಿ ನೆಟ್ಟರು. ರಾಣಿಯ ಹಿರಿಯ ಮಗಳ 1858ರ ಮದುವೆಯಿಂದ ಶುರುವಾಗಿ, 2011ರ ವಿಲಿಯಂ ಮತ್ತು ಕೇಟ್ ಮದುವೆಯಲ್ಲಿಯೂ ವಧುವಿನ ಹೂಗುಚ್ಛಕ್ಕೆ ಆಸ್ಬಾರ್ನ್‌ನ ಮಿರ್ಟಲ್ ಕಡ್ಡಿ ಸೇರಿತ್ತು. ಗಿಡ ಕೆಳಗಿನ ಟೆರೇಸ್‌ನ ಗೋಡೆಯ ಬೆಚ್ಚನೆಯ ಮರೆಯಲ್ಲಿದೆ. ಚಿಕ್ಕ ಹೊಳೆಯುವ ಎಲೆ, ಜುಲೈ ಆಗಸ್ಟ್‌ನಲ್ಲಿ ಬಿಳಿ ಹೂವು. ಹೂವಿನ ಕೇಸರಗಳ ಕುಚ್ಚನ್ನು ನೋಡಿದರೆ ನಿಮಗೆ ನೇರಳೆ ಹೂವು ನೆನಪಾಗಬೇಕು, ಏಕೆಂದರೆ ನೇರಳೆ, ಸೀಬೆ, ನೀಲಗಿರಿ ಎಲ್ಲವೂ ಇದೇ ಕುಟುಂಬದವು.

ಕಡ್ಡಿ ಮುರಿದುಕೊಂಡು ಬರಬೇಡಿ. ಒಬ್ಬೊಬ್ಬರು ಒಂದೊಂದು ಎಂದರೂ ಒಂದು ಬೇಸಿಗೆಯಲ್ಲಿ ಗಿಡ ಬೋಳಾಗುತ್ತದೆ. ಅಂಗಡಿಯಲ್ಲಿ ಕೊಂಡ ಗಿಡ, ಬೀಜವನ್ನಾದರೂ ಭಾರತಕ್ಕೆ ಒಯ್ಯಲು ಸಸ್ಯ ಆರೋಗ್ಯ ಪ್ರಮಾಣಪತ್ರ ಮತ್ತು ಆಮದು ಪರವಾನಗಿ ಬೇಕು. ಸೂಟ್‌ಕೇಸಿನಲ್ಲಿ ಸುಮ್ಮನೆ ಇಟ್ಟುಕೊಂಡು ಹೋದರೆ ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ.

ಗೋಡೆಯೊಳಗಿನ ತೋಟ ನೋಡಲು ಹೋಗಬೇಕೇ?

ಹೋಗಿ, ಅರ್ಧ ಗಂಟೆ ಸಾಕು. ಇಲ್ಲಿದ್ದ ಹಿಂದಿನ ಮನೆಯನ್ನು ಕೆಡವಿದಾಗ ಅದರ ಬಾಗಿಲ ಮಂಟಪವನ್ನು ತಂದು ಈ ತೋಟದ ಪ್ರವೇಶಕ್ಕೆ ಇಟ್ಟರು. ಇಟ್ಟಿಗೆ ಗೋಡೆ ಹಗಲಿನ ಬಿಸಿಲನ್ನು ಹೀರಿ ರಾತ್ರಿ ಬಿಡುತ್ತದೆ, ಗಾಳಿ ತಡೆಯುತ್ತದೆ. ಹಣ್ಣಿನ ಗಿಡಗಳನ್ನು ಬೀಸಣಿಗೆಯಂತೆ ಗೋಡೆಗೆ ಚಪ್ಪಟೆಯಾಗಿ ಹಬ್ಬಿಸಿರುವುದು ಆ ಶಾಖಕ್ಕಾಗಿಯೇ. ಮಕ್ಕಳಿಗೆ ಒಂದು ಕೆಲಸ ಕೊಡಿ: ವಿ ಮತ್ತು ಎ ಅಕ್ಷರ ಹೆಣೆದುಕೊಂಡ ಗುರುತು ಎಷ್ಟು ಕಡೆ ಇದೆ ಎಂದು ಎಣಿಸುವುದು.

ಸ್ವಿಸ್ ಕಾಟೇಜ್‌ನಲ್ಲಿ ಏನಿದೆ?

ರಾಜಮಕ್ಕಳಿಗೆ ಅಡುಗೆ, ತೋಟಗಾರಿಕೆ, ಲೆಕ್ಕ ಕಲಿಸಲು 1850ರ ದಶಕದಲ್ಲಿ ಕಟ್ಟಿದ ಮರದ ಮನೆ. ಮಕ್ಕಳ ಎತ್ತರಕ್ಕೆ ಮಾಡಿದ ಒಲೆಯಿರುವ ಅಡುಗೆಮನೆ ಇದೆ; ಮಕ್ಕಳು ಇಲ್ಲಿ ತಾವೇ ಅಡುಗೆ ಮಾಡಿ ಅಪ್ಪ ಅಮ್ಮನಿಗೆ ಬಡಿಸುತ್ತಿದ್ದರು. ಒಬ್ಬೊಬ್ಬರಿಗೂ ಸ್ವಂತ ತೋಟದ ಪಾತಿ, ಹೆಸರಿನ ಅಕ್ಷರ ಬರೆದ ಪುಟ್ಟ ತಳ್ಳುಗಾಡಿ. ಬೆಳೆದ ತರಕಾರಿಯನ್ನು ತೋಟಗಾರ ನೋಡಿ ಒಪ್ಪಿದರೆ ಆಲ್ಬರ್ಟ್ ಸಂತೆಯ ದರ ಕೊಟ್ಟು ಕೊಳ್ಳುತ್ತಿದ್ದ. ಆ ತಳ್ಳುಗಾಡಿಗಳು ಇಂದಿಗೂ ಇವೆ. ಪಕ್ಕದಲ್ಲಿ ಮಕ್ಕಳು ಕೂಡಿಸಿದ ಚಿಪ್ಪು, ಹಕ್ಕಿ, ಕಲ್ಲುಗಳ ಮ್ಯೂಸಿಯಂ, ಮತ್ತೆ ಸ್ವಲ್ಪ ಆಚೆ ರಾಜಕುಮಾರರು ಆಡಲು ಮಾಡಿದ ಮಣ್ಣಿನ ಕೋಟೆ. ಈ ಇಡೀ ಆವರಣದಲ್ಲಿ ನಮಗೆ ಅತ್ಯಂತ ಪ್ರಿಯವಾದ ಜಾಗ ಇದು.

ಋತುವಿನಲ್ಲಿ ಮನೆಯಿಂದ ಇಲ್ಲಿಗೆ ಸಣ್ಣ ಬಸ್ಸು ಓಡುತ್ತದೆ. ನಡೆದು ಹೋಗಿ ಬಸ್ಸಿನಲ್ಲಿ ಮರಳುವುದು ಕಾಲಿಗೆ ಹಿತ. ದಾರಿಯ ಕಾಡಿನಲ್ಲಿ ಕೆಂಪು ಅಳಿಲು ಕಾಣಬಹುದು. ಇಂಗ್ಲೆಂಡಿನ ಹೆಚ್ಚಿನ ಕಡೆ ಅಮೆರಿಕದ ಬೂದು ಅಳಿಲು ಇವನ್ನು ಓಡಿಸಿಬಿಟ್ಟಿದೆ, ಸಮುದ್ರ ನಡುವೆ ಇದ್ದುದರಿಂದ ದ್ವೀಪದಲ್ಲಿ ಉಳಿದಿವೆ. ಕಡಲೆಕಾಯಿ ಹಾಕಬೇಡಿ.

ಬೀಚ್‌ನಲ್ಲಿ ಏನು ನೋಡುವುದು?

ರಾಣಿಯ ಸ್ನಾನದ ಗಾಡಿ. ಗಾಲಿಯ ಮೇಲಿನ ಮರದ ಕೋಣೆ, ಮುಂದೆ ಪರದೆ ಕಟ್ಟಿದ ಜಗುಲಿ. ಇಳಿಜಾರಿನಲ್ಲಿ ನೀರಿಗೆ ಇಳಿಸಿ, ಸ್ನಾನವಾದಮೇಲೆ ಎಳೆದುಕೊಳ್ಳುತ್ತಿದ್ದರು. ರಾಣಿ ಮೊದಲ ಬಾರಿ ಸಮುದ್ರಕ್ಕಿಳಿದದ್ದು 1847ರ ಜುಲೈ 30ರಂದು. ಅವಳು ಹೋದಮೇಲೆ ಇದೇ ಗಾಡಿಯನ್ನು ಕೋಳಿಗೂಡು ಮಾಡಿದ್ದರು, ಆಮೇಲೆ ಸರಿಪಡಿಸಿದ್ದಾರೆ. ಈ ಬೀಚ್ ಸಾರ್ವಜನಿಕರಿಗೆ ತೆರೆದದ್ದು 2012ರಲ್ಲಿ. 

ಮಂಡಿನೋವಿರುವವರು, ಗಾಲಿಕುರ್ಚಿಯವರು ಬರಬಹುದೇ?

ಬರಬಹುದು, ಯೋಜನೆ ಮಾಡಿಕೊಳ್ಳಬೇಕು. ಕಷ್ಟ ಕೊಡುವುದು ಟೆರೇಸ್‌ನ ಮೆಟ್ಟಿಲು ಮತ್ತು ಜಲ್ಲಿದಾರಿ. ಮೇಲಿನ ಅಂಗಳದಿಂದಲೇ ತೋಟವೂ ಸಮುದ್ರವೂ ಚೆನ್ನಾಗಿ ಕಾಣುತ್ತವೆ. ಗಾಲಿಕುರ್ಚಿ ಎರವಲು, ಮಹಡಿಗೆ ಹೋಗುವ ವ್ಯವಸ್ಥೆಗಳನ್ನು ಎರಡು ದಿನ ಮೊದಲು ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಒಳಗಿನ ಚೆಂದದ ಕುರ್ಚಿಗಳು ನೋಡಲು ಮಾತ್ರ. ಕೂರಬಹುದಾದ ಕುರ್ಚಿ ಯಾವುದೆಂದು ಸಿಬ್ಬಂದಿಯನ್ನು ಕೇಳಿದರೆ ತೋರಿಸುತ್ತಾರೆ. ಕೈಗೂಸಿದ್ದವರು ತಳ್ಳುಗಾಡಿಗಿಂತ ಎದೆಗೆ ಕಟ್ಟುವ ಜೋಲಿ ತಂದರೆ ಕೋಣೆಗಳಲ್ಲಿ ಸಲೀಸು.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೇ?

ಕೆಫೆಯಲ್ಲಿ ಸ್ಯಾಂಡ್‌ವಿಚ್, ಸೂಪ್, ಕೇಕು ಸಿಗುತ್ತವೆ. ಮೊಟ್ಟೆಯನ್ನೂ ತಿನ್ನದವರು ಕೇಳಿಯೇ ತೆಗೆದುಕೊಳ್ಳಿ. ಅಲ್ಲಿಯ ಲೆಕ್ಕದಲ್ಲಿ ಮೊಟ್ಟೆ ಸಸ್ಯಾಹಾರ. ಸ್ಕೋನ್ ಎಂಬ ಬನ್ನಿಗೆ ಗಟ್ಟಿ ಕೆನೆ, ಜ್ಯಾಮ್ ಹಚ್ಚಿ ಟೀ ಜೊತೆ ತಿನ್ನುವುದು ಇಲ್ಲಿಯ ರೂಢಿ, ಒಮ್ಮೆ ರುಚಿ ನೋಡಿ. ಮನೆಯಿಂದ ಚಪಾತಿ, ಪುಳಿಯೋಗರೆ ಕಟ್ಟಿಕೊಂಡು ಬಂದು ಹುಲ್ಲುಹಾಸಿನ ಮೇಲೆ ಕುಳಿತು ತಿನ್ನಲು ಅಡ್ಡಿಯಿಲ್ಲ. ಕಡಲಹಕ್ಕಿಗಳು ಕೈಯಿಂದಲೇ ಎಗರಿಸುವಷ್ಟು ಧೈರ್ಯದವು, ಡಬ್ಬಿಯ ಮುಚ್ಚಳ ತೆರೆದಿಡಬೇಡಿ.

ಗೌರಮ್ಮನ ಸಮಾಧಿ ಇಲ್ಲಿಯೇ ಇದೆಯೇ?

ಇಲ್ಲ, ಲಂಡನ್‌ನ ಬ್ರಾಂಪ್ಟನ್ ಸ್ಮಶಾನದಲ್ಲಿ. ವೆಸ್ಟ್ ಬ್ರಾಂಪ್ಟನ್ ನಿಲ್ದಾಣದಲ್ಲಿ ಇಳಿದರೆ ಗೇಟು ಹತ್ತಿರವೇ, ಒಳಗೆ ಹೋಗಲು ಟಿಕೆಟ್ ಇಲ್ಲ. ಸಾವಿರಾರು ಸಮಾಧಿಗಳ ನಡುವೆ ಹುಡುಕುವುದು ಸುಲಭವಲ್ಲ, ಅಲ್ಲಿಯ ಮಾಹಿತಿ ಕೇಂದ್ರದಲ್ಲಿ ಕೇಳಿಕೊಂಡು ಹೋಗಿ. ಆಸ್ಬಾರ್ನ್ ನೋಡಿದ ಮರುದಿನ ಲಂಡನ್‌ನಲ್ಲಿ ಇರುವವರು ಒಂದು ಗಂಟೆ ಬಿಡುವು ಮಾಡಿಕೊಂಡು, ಒಂದು ಹಿಡಿ ಹೂವು ಕೊಂಡೊಯ್ಯಿರಿ.